ಏಳರಿಂದ ಎಂಟಕ್ಕೆ

ನಮ್ಮ ಮೊಹಲ್ಲಾದ ಸರ್ಕಾರಿ ಉರ್ದು ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗಿನ ಓದನ್ನು ಪ್ರಾಥಮಿಕ ಶಿಕ್ಷಣವೆಂದು ಕರೆದರೂ ಕರ್ನಾಟಕದ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಮುಂದೆ ಓದಬೇಕಾದರೆ ಟಿ.ಸಿ. ಹಿಡಿದುಕೊಂಡು ಬೇರೆ ಶಾಲೆಗೆ ಹೋಗಬೇಕು. ಕನ್ನಡ ಶಾಲೆಯ ಮಕ್ಕಳಿಗೆ ಕಟ್ಟಡ ಬದಲಾಗುತ್ತದೆ, ಮೇಷ್ಟ್ರು ಬದಲಾಗುತ್ತಾರೆ. ಉರ್ದು ಶಾಲೆಯ ಮಕ್ಕಳಿಗೆ, ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದಿದ್ದರೆ, ಪಾಠದ ಭಾಷೆಯೇ ಬದಲಾಗುತ್ತದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರಿಸೋಣವೆಂದರೆ ಅಲ್ಲಿನ ಮುಖ್ಯ ಪ್ರವೇಶ ಆರನೆಯ ತರಗತಿಗೆ. ಏಳು ಮುಗಿಸಿದ ಮೇಲೆ ಎಚ್ಚರವಾದವರಿಗೆ ಆ ಬಾಗಿಲು ಸುಲಭದಲ್ಲಿ ತೆರೆಯುವುದಿಲ್ಲ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ಮಾತು ಹುಟ್ಟುತ್ತದೆ: "ಏಳಾಯ್ತಲ್ಲ, ಸಾಕು." ಹುಡುಗನಾದರೆ ಗ್ಯಾರೇಜೋ ವೆಲ್ಡಿಂಗ್ ಶಾಪೋ ಕಾಯುತ್ತಿರುತ್ತದೆ. ಹುಡುಗಿಯಾದರೆ ಅಡುಗೆಮನೆ ಕಾಯುತ್ತಿರುತ್ತದೆ. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿದಾಗ ಜಲ್ಸಾಗಳಲ್ಲಿ, ಸಭೆಗಳಲ್ಲಿ ಬಹಳ ಚರ್ಚೆಯಾಯಿತು. ಆದರೆ ಮಗು ಶಾಲೆ ಬಿಡುವ ಗಳಿಗೆ ಯಾವುದೆಂಬುದು ಮನೆಯವರ ಕಣ್ಣಿಗೇ ಬೀಳಬೇಕು. ನಾನು ಕಂಡಂತೆ ಅದು ಜುಲೈ ತಿಂಗಳು. ಜೂನ್‌ನಲ್ಲಿ ಹೊಸ ಚೀಲ, ಹೊಸ ಸಮವಸ್ತ್ರದ ಹುಮ್ಮಸ್ಸಿರುತ್ತದೆ. ಜುಲೈನಲ್ಲಿ ಮಳೆ ಹಿಡಿಯುತ್ತದೆ, ಮೊದಲ ಕಿರುಪರೀಕ್ಷೆ ಬರುತ್ತದೆ, ಮಗು ಬೆಳಿಗ್ಗೆ ಎದ್ದು ಹೊಟ್ಟೆನೋವು ಎನ್ನತೊಡಗುತ್ತದೆ.

ನನ್ನ ಹಿರಿಯ ಮಗಳು 2014ರಲ್ಲಿ ಮೂರು ಕಿಲೋಮೀಟರ್ ದೂರದ ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಸೇರಿದಳು. ಉರ್ದು ಶಾಲೆಯಲ್ಲಿ ಅವಳು ತರಗತಿಗೇ ಮೊದಲಿಗಳು. ಕನ್ನಡವನ್ನು ಒಂದು ಭಾಷೆಯಾಗಿ ಓದಿದ್ದಳು, ಅಂಗಡಿ ಬೀದಿಯಲ್ಲಿ ಸಲೀಸಾಗಿ ಮಾತನಾಡುತ್ತಿದ್ದಳು. ಆದರೆ ಅಂಗಡಿ ಬೀದಿಯ ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಇಲ್ಲವಲ್ಲ! ಅದನ್ನೇ ಅವಳು 'ಜಿಯಾಈ ತಾಲೀಫ್' ಎಂದು ಕಲಿತು, ಎಲೆಯ ಚಿತ್ರ ಬರೆದು ಭೇಷ್ ಎನಿಸಿಕೊಂಡಿದ್ದವಳು. ತ್ರಿಭುಜ ಅವಳಿಗೆ ಮುಸಲ್ಲಸ್, ವಿಸ್ತೀರ್ಣ ರಖ್ಬಾ, ಭಿನ್ನರಾಶಿಯ ಛೇದ ನಸಬ್‌ನುಮಾ. ಗೊತ್ತಿದ್ದದ್ದೆಲ್ಲ ಒಂದೇ ತಿಂಗಳಲ್ಲಿ ಗೊತ್ತಿಲ್ಲದ್ದಾಗಿಬಿಟ್ಟಿತು. ವರ್ಷಾರಂಭದಲ್ಲಿ ನಮ್ಮ ಶಾಲೆಗಳಲ್ಲಿ 'ಸೇತುಬಂಧ' ಎಂಬ ಕಾರ್ಯಕ್ರಮವಿದೆ, ಹಿಂದಿನ ತರಗತಿಯ ಪಾಠವನ್ನು ಮತ್ತೆ ನೆನಪಿಸಲು. ಒಳ್ಳೆಯ ಏರ್ಪಾಡು. ಆದರೆ ಇವಳಿಗೆ ಪಾಠ ಮರೆತಿರಲಿಲ್ಲ, ಅದರ ಹೆಸರು ಬೇರೆಯಾಗಿತ್ತು. ಮೇಷ್ಟ್ರು ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದಳಂತೆ. ದಡ್ಡಿಯೆಂದು ಹಿಂದಿನ ಬೆಂಚಿಗೆ ಕಳುಹಿಸಿದರು. ಒಂದು ಬೆಳಿಗ್ಗೆ "ಮೈ ನೈ ಜಾತೂಂ ಅಮ್ಮಿ" ಎಂದು ಚೀಲವನ್ನು ಮೂಲೆಗಿಟ್ಟು ಕುಳಿತಳು.

ಟ್ಯೂಷನ್‌ಗೆ ಹಾಕಿ ಎಂದರು ನೆರೆಯವರು. ಟ್ಯೂಷನ್‌ನಲ್ಲೂ ಅದೇ ಕನ್ನಡ ತಾನೇ? ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು, ನನಗೆ ಉರ್ದು ಲಿಪಿ ಅಷ್ಟಕ್ಕಷ್ಟೆ. ನಮ್ಮತ್ತೆಗೆ ಉರ್ದು ಓದಲು ಬರೆಯಲು ಚೆನ್ನಾಗಿ ಬರುತ್ತದೆ, ಕನ್ನಡದ ಒಂದಕ್ಷರವೂ ಬಾರದು. ಇಬ್ಬರೂ ಸೇರಿ ಇನ್ನೂರು ಪುಟದ ಒಂದು ನೋಟ್‌ಬುಕ್ ಮಾಡಿದೆವು. ಅವಳ ಏಳನೆಯ ತರಗತಿಯ ಉರ್ದು ಪುಸ್ತಕವನ್ನೂ ಎಂಟನೆಯ ತರಗತಿಯ ಕನ್ನಡ ಪುಸ್ತಕವನ್ನೂ ಎದುರು ಬದುರು ಇಟ್ಟುಕೊಂಡು, ಎಡದಿಂದ ನಾನು, ಬಲದಿಂದ ಅತ್ತೆ ಬರೆಯುವುದು. ಯಾವ ಪದಕ್ಕೆ ಯಾವುದು ಜೋಡಿ ಎಂದು ಹೇಳಬೇಕಾದವಳು ಮಾತ್ರ ಮಗಳು, ಏಕೆಂದರೆ ವಿಜ್ಞಾನ ಗೊತ್ತಿದ್ದದ್ದು ಅವಳೊಬ್ಬಳಿಗೇ! "ಇಷ್ಟೂ ಗೊತ್ತಿಲ್ಲವಾ ದಾದಿ?" ಎಂದು ಅವಳು ನಗುವುದನ್ನು ನಾನು ಆ ಜುಲೈನಲ್ಲಿ ಮೊದಲ ಬಾರಿ ಕೇಳಿದ್ದು ಆ ನೋಟ್‌ಬುಕ್ಕಿನ ಮುಂದೆ. ವಿಸ್ತೀರ್ಣದ ಲೆಕ್ಕ ಹೇಳಿಕೊಟ್ಟದ್ದು ಅವಳ ಚಾಚಾ. ಐದನೆಯ ತರಗತಿಗೆ ಶಾಲೆ ಬಿಟ್ಟು ಟೈಲ್ಸ್ ಹಾಕುವ ಕೆಲಸಕ್ಕೆ ಹೋದವರು. ನಡುಮನೆಯನ್ನು ಟೇಪಿನಲ್ಲಿ ಅಳೆದು, ಇಷ್ಟು ಚದರಡಿಗೆ ಇಷ್ಟು ಟೈಲ್ಸು, ಒಡೆದು ಹಾಳಾಗುವುದಕ್ಕೆ ಇಷ್ಟು ಹೆಚ್ಚುವರಿ ಎಂದು ಲೆಕ್ಕ ಹಾಕಿಸಿದರು. ಓದಿದವರು ಮನೆಯಲ್ಲಿಲ್ಲ, ನಾವೇನು ಸಹಾಯ ಮಾಡುವುದು ಎಂದು ಕೈಚೆಲ್ಲುವ ತಂದೆ ತಾಯಂದಿರಿಗೆ ನಾನು ಈಗಲೂ ಇವರ ಕತೆ ಹೇಳುತ್ತೇನೆ.

ನಮ್ಮ ಮನೆಯವರು ಅರ್ಧ ದಿನ ಗ್ಯಾರೇಜು ಮುಚ್ಚಿ ಶಾಲೆಗೆ ಹೋದರು. ಜಗಳವಾಡಲು ಅಲ್ಲ. ಉತ್ತರ ಗೊತ್ತಿದ್ದೂ ಪದ ಸಿಗದೆ ನಿಲ್ಲುತ್ತಾಳೆ ಸಾರ್, ದಸರಾ ರಜೆಯವರೆಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಲು ಬಿಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ ಎಂದು ಎರಡೇ ಮಾತು. ಗಣಿತದ ಮೇಷ್ಟ್ರು ಕೂಡಲೇ ಒಪ್ಪಿದರು. ಇನ್ನೊಬ್ಬರು "ಎಲ್ಲರಿಗೂ ಹೀಗೆ ಮಾಡುತ್ತಾ ಕೂತರೆ ಪಾಠ ಮುಗಿಯುವುದಿಲ್ಲ" ಎಂದರು. ಆಗಲಿ, ಒಬ್ಬರಾದರೂ ಸಿಕ್ಕರಲ್ಲ.

ನಿಜವಾದ ಇಕ್ಕಟ್ಟು ಎದುರಾದದ್ದು ಸಂಜೆಯ ಹೊತ್ತಿಗೆ. ಪ್ರೌಢಶಾಲೆಯಲ್ಲಿ ವಿಶೇಷ ತರಗತಿ ಮುಗಿಸಿ ಅವಳು ಮನೆ ಸೇರುವಾಗ ಐದೂವರೆ. ನಮ್ಮ ಮಸೀದಿಯ ಮಕ್ತಬ್ ಅಸರ್‌ನಿಂದ ಮಗ್ರಿಬ್‌ವರೆಗೆ. ಎರಡರಲ್ಲೊಂದು ಬಿಡಿಸಬೇಕು ಎಂದರು ಹಿರಿಯರು, ಬಿಡಿಸಬೇಕಾದದ್ದು ಯಾವುದೆಂದು ಹೇಳುವ ಅಗತ್ಯವೇ ಇರಲಿಲ್ಲ. ದೀನಿಗೂ ದುನಿಯಾಕ್ಕೂ ಜಗಳ ಹಚ್ಚುವವರು ಬಹಳ ಸಲ ಗಡಿಯಾರವನ್ನಷ್ಟೇ ನೋಡಿರುವುದಿಲ್ಲ. ಅತ್ತೆಯೇ ಹಜ್ರತ್‌ರ ಮನೆಗೆ ಹೋಗಿ ಮಾತನಾಡಿದರು. ದೊಡ್ಡ ತರಗತಿಯ ಹೆಣ್ಣುಮಕ್ಕಳಿಗೆ ಭಾನುವಾರ ಬೆಳಿಗ್ಗೆ ಪಾಠ ಎಂದು ಹಜ್ರತ್ ಗೊತ್ತುಮಾಡಿದರು. 'ಇಕ್ರಾ' ಎಂದು ಆರಂಭವಾಗುವ ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಆ ಹೊಸ ವೇಳಾಪಟ್ಟಿ ಅವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮತ್ತೊಂದು ಮಾತನ್ನು ತಾಯಂದಿರು ಕೇಳಿ ತಿಳಿಯಬೇಕು. ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ಹುಡುಗಿಯರು ದಿನವಿಡೀ ನೀರು ಕುಡಿಯುತ್ತಿರಲಿಲ್ಲ. ಹೊಟ್ಟೆನೋವಿನಲ್ಲಿ ಸುಳ್ಳು ಪೂರ್ತಿ ಇರಲಿಲ್ಲ. ಐದಾರು ತಾಯಂದಿರು ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡ ಮೇಲೆ ಒಂದು ಡ್ರಮ್ ಬಂತು.

ಆಗಿನ್ನೂ ಎಂಟನೆಯ ತರಗತಿಯವರಿಗೆ ಸರ್ಕಾರದ ಉಚಿತ ಸೈಕಲ್ ಬರುತ್ತಿತ್ತು. 2006-07ರಲ್ಲಿ ಆರಂಭವಾದ ಯೋಜನೆ ಅದು. ಹೆಣ್ಣುಮಗಳು ಸೈಕಲ್ ತುಳಿಯುವುದೇ ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಚಕ್ರಕ್ಕೆ ಸಿಗದಂತೆ ಬುರ್ಖಾದ ಅಂಚನ್ನು ತಾವೇ ಮೊಟಕು ಮಾಡಿ ಹೊಲಿದುಕೊಟ್ಟರು.

ಅರ್ಧವಾರ್ಷಿಕದಲ್ಲಿ ಅವಳು ಎರಡು ವಿಷಯಗಳಲ್ಲಿ ಫೇಲಾದಳು. ವಾರ್ಷಿಕದಲ್ಲಿ ಎಲ್ಲದರಲ್ಲೂ ಪಾಸಾದಳು. ಮೊದಲಿಗಳಾಗಿ ಮತ್ತೆಂದೂ ಬರಲಿಲ್ಲ. ಅದರ ಬೇಸರ ಅವಳಿಗೆ ಇಂದಿಗೂ ಇದೆ, ಇರಲಿ. 2017ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ನೋಟ್‌ಬುಕ್ ಅಂದಿನಿಂದ ಮೊಹಲ್ಲಾದಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ. ಪಠ್ಯಪುಸ್ತಕ ಬದಲಾದಾಗ ಹೊಸ ಪದಗಳನ್ನು ಯಾರೋ ಪೆನ್ಸಿಲ್‌ನಲ್ಲಿ ಸೇರಿಸಿದ್ದಾರೆ.

ನಮ್ಮವರ ಗ್ಯಾರೇಜಿಗೆ ಪ್ರತಿ ಜುಲೈನಲ್ಲೂ ಯಾರಾದರೊಬ್ಬರು ಮಗನನ್ನು ಕರೆತರುತ್ತಾರೆ, "ಇವನಿಗೆ ಓದು ಹತ್ತುತ್ತಿಲ್ಲ ಭಾಯ್, ಕೆಲಸ ಕಲಿಸಿ" ಎಂದು. ಹದಿನಾಲ್ಕು ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ ಎಂಬುದು ಎಲ್ಲರಿಗೂ ಗೊತ್ತು. ಆದರೂ ತರುತ್ತಾರೆ. ಇವರು ಹುಡುಗನಿಗೆ ಚಹಾ ಕೊಟ್ಟು, ಯಾವ ಪಾಠ ಅರ್ಥವಾಗುತ್ತಿಲ್ಲ ಎಂದು ಕೇಳಿ, ಸಂಜೆ ನಮ್ಮ ಮನೆಗೆ ಕಳುಹಿಸುತ್ತಾರೆ. ಕಳೆದ ಸಲ ಇಬ್ಬರು ಬಂದಿದ್ದರು. ಒಬ್ಬ ನೋಟ್‌ಬುಕ್ ಒಯ್ದಿದ್ದಾನೆ, ಈಗಲೂ ಶಾಲೆಗೆ ಹೋಗುತ್ತಿದ್ದಾನೆ. ಇನ್ನೊಬ್ಬ ಸಂಜೆ ಬರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಅವನನ್ನು ನೋಡಿದೆ ಎಂದು ಹದಿನೈದು ದಿನದ ಮೇಲೆ ಮನೆಯವರು ಹೇಳಿದರು.