ಊರಾಚೆಯ ಗರ್ಟನ್

ಕೇಂಬ್ರಿಜ್‌ಗೆ ಹೋದ ಪ್ರವಾಸಿಗರು ಕ್ಯಾಮ್ ನದಿ ದಂಡೆಯ ಹಳೆಯ ಕಾಲೇಜುಗಳನ್ನು ನೋಡಿ ಹಿಂದಿರುಗುವುದೇ ಹೆಚ್ಚು. ಹಂಟಿಂಗ್ಡನ್ ರಸ್ತೆ ಹಿಡಿದು ಸುಮಾರು 4 ಕಿ.ಮೀ. ಹೋದರೆ ಕೆಂಪಿಟ್ಟಿಗೆಯ ಗರ್ಟನ್ ಕಾಲೇಜು ಸಿಗುತ್ತದೆ. ಹೆಣ್ಣುಮಕ್ಕಳಿಗೆಂದು ಶುರುವಾದ ಈ ಕಾಲೇಜು, ಗಂಡುಹುಡುಗರಿಂದ ದೂರವಿರಲೆಂದೇ 1873ರಲ್ಲಿ ಊರಾಚೆ ನೆಲೆಗೊಂಡಿತು.

1928ರ ಅಕ್ಟೋಬರ್‌ನಲ್ಲಿ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಇಲ್ಲಿಗೆ ಬಂದು ವಿದ್ಯಾರ್ಥಿನಿಯರೆದುರು ಪ್ರಬಂಧವೊಂದನ್ನು ಓದಿದರು. ಅದೇ ಬೆಳೆದು ಮರುವರ್ಷ ‘ಎ ರೂಮ್ ಆಫ್ ಒನ್ಸ್ ಓನ್’ ಪುಸ್ತಕವಾಯಿತು. ಹೆಣ್ಣು ಬರೆಯಬೇಕಾದರೆ ಕೈಯಲ್ಲಿ ದುಡ್ಡು, ತನ್ನದೇ ಆದ ಕೋಣೆ ಬೇಕೆಂಬುದು ಅದರ ತಿರುಳು.

ಗರ್ಟನ್ನಿನ ಹುಡುಗಿಯರಿಗೆ ಕೋಣೆಯೇನೋ ಇತ್ತು, ಪರೀಕ್ಷೆಗೂ ಕೂರುತ್ತಿದ್ದರು. ಗಂಡಸರಿಗೆ ಸಮನಾದ ಪದವಿಯನ್ನು ಮಾತ್ರ ಕೇಂಬ್ರಿಜ್ ವಿಶ್ವವಿದ್ಯಾಲಯ 1948ರವರೆಗೆ ಕೊಡಲಿಲ್ಲ. ಆ ಹೊತ್ತಿಗೆ ವುಲ್ಫ್ ತೀರಿಕೊಂಡು 7 ವರ್ಷವಾಗಿತ್ತು. ಅಂದು ಕೇಳಿದ ಹುಡುಗಿಯರಿಗೆ ನಲವತ್ತರ ಆಸುಪಾಸು.