ಪೀಟರ್ ಫಾಲ್ಕ್ ಮತ್ತು ತೆರೆಯ ಹಿಂದಿನ ಹುಡುಗ

2007ರ ಚಳಿಗಾಲದಲ್ಲಿ ನಾವು ದಂಪತಿಗಳು ನ್ಯೂಜೆರ್ಸಿಯ ಮಗಳ ಮನೆಯಲ್ಲಿದ್ದೆವು. ಮಗಳೂ ಅಳಿಯನೂ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಹೊರಗೆ ಕಾಲಿಡಲಾಗದಷ್ಟು ಹಿಮ. ಹೊತ್ತು ಕಳೆಯಲೆಂದು ಅಳಿಯಂದಿರು ತಂದಿಟ್ಟಿದ್ದ ‘ಕೊಲಂಬೊ’ ಎಂಬ ಹಳೆಯ ಪತ್ತೇದಾರಿ ಧಾರಾವಾಹಿಯ ಡಿವಿಡಿಗಳನ್ನು ದಿನಕ್ಕೊಂದರಂತೆ ನೋಡತೊಡಗಿದೆವು.

ಕೊಲಂಬೊ ಲಾಸ್ ಏಂಜಲೀಸಿನ ಪೊಲೀಸ್ ಅಧಿಕಾರಿ. ಸುಕ್ಕುಗಟ್ಟಿದ ಮಳೆಯಂಗಿ, ಕೈಯಲ್ಲೊಂದು ಸಿಗಾರ್, ಈಗಲೋ ಆಗಲೋ ನಿಂತುಹೋಗುವಂತಿರುವ ಪೂಜೋ ಕಾರು. ಕೊಲೆಗಾರ ಯಾರೆಂಬುದು ನಮಗೆ ಆರಂಭದಲ್ಲಿಯೇ ಗೊತ್ತು; ಈ ಪೆದ್ದನಂತೆ ಕಾಣುವ ಮನುಷ್ಯ ಅವನನ್ನು ಹೇಗೆ ಹಿಡಿಯುತ್ತಾನೆಂಬುದೇ ಕುತೂಹಲ. ಮಾತು ಮುಗಿಸಿ ಹೊರಟವನು ಬಾಗಿಲ ಬಳಿ ತಿರುಗಿ ನಿಂತು ಇನ್ನೊಂದು ಸಣ್ಣ ಸಂದೇಹವೆಂದು ಕೇಳಿದನೆಂದರೆ ಅಲ್ಲಿಗೆ ಅಪರಾಧಿಯ ಕಥೆ ಮುಗಿಯಿತು. (ಪರೀಕ್ಷೆಯಲ್ಲಿ ನಕಲು ಮಾಡಿದವರನ್ನು ನಾನೂ ಹೀಗೆಯೇ ಹಿಡಿಯುತ್ತಿದ್ದೆನೆಂದು ನಿಮ್ಮಲ್ಲಿ ಕೆಲವರು ಹೇಳಬಹುದು.) ಆ ಮಳೆಯಂಗಿ ನಟ ಪೀಟರ್ ಫಾಲ್ಕ್ ಅವರ ಸ್ವಂತದ್ದು.

“ಇವರ ಒಂದು ಕಣ್ಣು ಅಲುಗುವುದೇ ಇಲ್ಲ, ನೋಡಿದಿರಾ?” ಎಂದು ಮೊದಲು ಗುರುತಿಸಿದವಳು ನನ್ನ ಶ್ರೀಮತಿ. ಅದು ನಿಜವಾಗಿತ್ತು. 1927ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಫಾಲ್ಕ್ ಅವರಿಗೆ ಮೂರನೆಯ ವಯಸ್ಸಿನಲ್ಲಿಯೇ ಗೆಡ್ಡೆಯ ಕಾರಣದಿಂದ ಬಲಗಣ್ಣನ್ನು ತೆಗೆಯಬೇಕಾಯಿತು. ಮುಂದೆಲ್ಲ ಗಾಜಿನ ಕಣ್ಣು. ಶಾಲೆಯ ಬೇಸ್‌ಬಾಲ್ ಪಂದ್ಯವೊಂದರಲ್ಲಿ ತಾವು ಔಟ್ ಎಂದು ತೀರ್ಪಿತ್ತ ಅಂಪೈರಿಗೆ ಆ ಕಣ್ಣನ್ನೇ ತೆಗೆದುಕೊಟ್ಟು, ಇದು ನಿಮಗೇ ಬೇಕಾದೀತು ಎಂದರಂತೆ. ಸೈನ್ಯ ಅವರನ್ನು ತೆಗೆದುಕೊಳ್ಳಲಿಲ್ಲ. ವ್ಯಾಪಾರಿ ಹಡಗಿನಲ್ಲಿ ಅಡುಗೆಯವರಾಗಿ ಹೋದರು. ಬಳಿಕ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕನೆಕ್ಟಿಕಟ್ ರಾಜ್ಯದ ಆಯವ್ಯಯ ಕಚೇರಿಯಲ್ಲಿ ನೌಕರಿಗೆ ಸೇರಿದರು. ನಮ್ಮ ಕಡೆಯಾಗಿದ್ದರೆ ಅಲ್ಲಿಗೆ ಸಮಾಧಾನಪಟ್ಟು ಮದುವೆ ಮಾಡಿಬಿಡುತ್ತಿದ್ದರು.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಇದರ ನಂತರದ್ದು. ಹಾರ್ಟ್‌ಫರ್ಡ್ ನಗರದಿಂದ ಕಾರು ಓಡಿಸಿಕೊಂಡು ಅವರು ವೆಸ್ಟ್‌ಪೋರ್ಟಿಗೆ ಬಂದು, ಇವಾ ಲ ಗಾಲಿಯೆನ್ ಎಂಬ ಹಿರಿಯ ರಂಗಕಲಾವಿದೆಯ ಅಭಿನಯದ ತರಗತಿಯಲ್ಲಿ ಕೂರುತ್ತಿದ್ದರು. ಆ ತರಗತಿ ವೃತ್ತಿನಟರಿಗೆ ಮಾತ್ರ. ಇವರು ಸುಳ್ಳು ಹೇಳಿ ಸೇರಿಕೊಂಡಿದ್ದರು. ಸದಾ ತಡವಾಗಿ ಬರುವುದೇಕೆಂದು ಆಕೆ ಒಮ್ಮೆ ಗದರಿದಾಗ ಗುಟ್ಟು ರಟ್ಟಾಯಿತು. ತಾನು ನಟನಲ್ಲವೆಂದು ಒಪ್ಪಿಕೊಂಡ ಶಿಷ್ಯನಿಗೆ ಆಕೆ ಹೇಳಿದ್ದು, ಹಾಗಾದರೆ ನಟನೇ ಆಗಬೇಕು ಎಂದು. ಫಾಲ್ಕ್ ನೌಕರಿಗೆ ರಾಜೀನಾಮೆ ಕೊಟ್ಟು ನ್ಯೂಯಾರ್ಕಿಗೆ ಹೊರಟರು.

ದಾರಿಯೇನೂ ಸುಗಮವಾಗಿರಲಿಲ್ಲ. ಇದೇ ಹಣಕ್ಕೆ ಎರಡು ಕಣ್ಣುಳ್ಳ ನಟ ಸಿಗುತ್ತಾನೆಂದು ಕೊಲಂಬಿಯಾ ಚಿತ್ರಸಂಸ್ಥೆಯ ಮುಖ್ಯಸ್ಥ ಹ್ಯಾರಿ ಕೋನ್ ಅವರನ್ನು ತಿರಸ್ಕರಿಸಿದ. ಆದರೂ ‘ಮರ್ಡರ್ ಇಂಕ್’ (1960) ಮತ್ತು ‘ಪಾಕೆಟ್‌ಫುಲ್ ಆಫ್ ಮಿರಕಲ್ಸ್’ (1961) ಚಿತ್ರಗಳಿಗಾಗಿ ಅವರ ಹೆಸರು ಎರಡು ಬಾರಿ ಆಸ್ಕರ್ ಸ್ಪರ್ಧೆಯಲ್ಲಿತ್ತು. 1968ರಿಂದ 2003ರವರೆಗೆ, ನಡುವೆ ಬಿಡುವಿದ್ದರೂ, ಕೊಲಂಬೊ ಆಗಿ 69 ಕಥೆಗಳಲ್ಲಿ ಅಭಿನಯಿಸಿದರು. ಆ ಪಾತ್ರಕ್ಕೆ ನಾಲ್ಕು ಎಮ್ಮಿ ಪ್ರಶಸ್ತಿಗಳು ಬಂದವು. ಗೆಳೆಯ ಜಾನ್ ಕಸಾವೆಟೀಸ್ ನಿರ್ದೇಶಿಸಿದ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ ಚಿತ್ರದಲ್ಲಿ ಹೆಂಡತಿಯ ಮನಸ್ಸಿನ ಬೇನೆಯೆದುರು ದಿಕ್ಕುತೋಚದ ಕಾರ್ಮಿಕನಾಗಿ ಮಾಡಿದ ಅಭಿನಯ ಇವೆಲ್ಲಕ್ಕಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಆ ಚಿತ್ರ ಬಂದದ್ದು 1974ರಲ್ಲಿ. ಅದೇ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ಪೌರಾಣಿಕ ನಾಟಕವೊಂದನ್ನು ಆಡಿಸಿದೆ. ದುರ್ಯೋಧನನ ಮಾತುಗಳನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಪೆಟ್ಟುಬಿದ್ದು ಅವನ ಒಂದು ಕಣ್ಣು ಹೋಗಿತ್ತು. “ರಂಗದ ಮೇಲೆ ಚೆನ್ನಾಗಿ ಕಾಣುವುದಿಲ್ಲ ಕಣಪ್ಪ, ನೀನು ತೆರೆಯ ಹಿಂದೆ ನಿಂತು ಮಾತು ಎತ್ತಿಕೊಡು” ಎಂದೆ. “ಆಗಲಿ ಸಾರ್” ಎಂದ. ನಾಟಕದ ರಾತ್ರಿ ದುರ್ಯೋಧನ ಮಾಡಿದವನು ಮೂರು ಸಲ ಮಾತು ಮರೆತ. ಮೂರು ಸಲವೂ ಈ ಹುಡುಗ ಪುಸ್ತಕ ನೋಡದೆಯೇ ಎತ್ತಿಕೊಟ್ಟ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ದುರ್ಯೋಧನನಿಗೆ. ಮರುವರ್ಷ ಅವನು ನಾಟಕಕ್ಕೆ ಹೆಸರು ಕೊಡಲಿಲ್ಲ.

ಫಾಲ್ಕ್ ಅವರು 2011ರ ಜೂನ್ 23ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. ಕೊಲಂಬೊ ಎಂಬ ಪಾತ್ರವೇ ಅವರಿಗೆ ನೆನಪಿಲ್ಲವೆಂದು 2009ರಲ್ಲಿ ವೈದ್ಯರು ನ್ಯಾಯಾಲಯದಲ್ಲಿ ಹೇಳಿದ್ದರು. ನನ್ನ ನೆನಪು ಇನ್ನೂ ನೆಟ್ಟಗಿದೆ, ಆದಕಾರಣ ಇದನ್ನು ಬರೆಯುತ್ತಿದ್ದೇನೆ. ಹುಡುಗನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ನಾಟಕದಲ್ಲಿದ್ದವರಿಗೆ ಗೊತ್ತಿದೆ. ಅವನು ಈಗ ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೊಂದು ಮಾತು ತಿಳಿಸಿ.