ಲಿಂಕನ್ನಿನ ಬಯಲಿನಲ್ಲಿ

ಇಂಗ್ಲೆಂಡಿನ ಪೂರ್ವಭಾಗದ ಲಿಂಕನ್‌ಷೈರ್ ಬಹುಮಟ್ಟಿಗೆ ಬಯಲುಸೀಮೆ. ಲಿಂಕನ್ ನಗರದ ಮಹಾದೇವಾಲಯವೊಂದು ಮಾತ್ರ ಗುಡ್ಡದ ನೆತ್ತಿಯ ಮೇಲೆ ನಿಂತು ಹರಿದಾರಿಗಳ ದೂರಕ್ಕೆ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರ ಗೋಪುರಗಳೇ ವಿಮಾನಸೈನಿಕರಿಗೆ ಊರು ಬಂತೆಂಬ ಗುರುತು. ಎದುರಿನ ಕ್ಯಾನ್‌ವಿಕ್ ಗುಡ್ಡದಿಂದ ನಾವು ಆ ಗೋಪುರಗಳನ್ನು ಬಹಳ ಹೊತ್ತು ನೋಡಿದೆವು.

ಲ್ಯಾಂಕಾಸ್ಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬು ವಿಮಾನಕ್ಕೆ ಏಳು ಮಂದಿ ಬೇಕು: ಚಾಲಕ, ದಾರಿ ಲೆಕ್ಕಹಾಕುವವನು, ಎಂಜಿನ್ನು ನೋಡಿಕೊಳ್ಳುವವನು, ರೇಡಿಯೋದವನು, ಬಾಂಬು ಹಾಕುವವನು, ಮೆಷಿನ್‌ಗನ್ನಿನವರಿಬ್ಬರು. ಬೇರೆ ಬೇರೆ ಶಾಲೆಗಳಲ್ಲಿ, ಎಷ್ಟೋ ಜನ ಕೆನಡಾದಂತಹ ದೂರದೇಶಗಳಲ್ಲಿ ಕಲಿತುಬಂದ ಈ ತರುಣರನ್ನು ಜತೆಗೂಡಿಸುತ್ತಿದ್ದ ಕ್ರಮವು ವಿಚಿತ್ರವಾದುದು. ಅಧಿಕಾರಿಗಳು ಪಟ್ಟಿ ಬರೆಯುತ್ತಿರಲಿಲ್ಲ. ಎಲ್ಲರನ್ನೂ ದೊಡ್ಡದೊಂದು ಷೆಡ್ಡಿನೊಳಕ್ಕೆ ಬಿಟ್ಟು, ನಿಮ್ಮ ತಂಡವನ್ನು ನೀವೇ ಕಟ್ಟಿಕೊಳ್ಳಿರೆಂದುಬಿಡುತ್ತಿದ್ದರು! ಜಾತಕವಿಲ್ಲ, ಹಿರಿಯರ ಮಾತಿಲ್ಲ; ಮುಖ ನೋಡಿ, ನಾಲ್ಕು ಮಾತಾಡಿ ಒಪ್ಪಿಕೊಂಡ ಸಂಬಂಧ. ಆದರೂ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರುವಷ್ಟು ಗಟ್ಟಿಯಾದ ಸಂಬಂಧ.

ಎರಡು ಎಂಜಿನ್ನುಗಳ ವೆಲ್ಲಿಂಗ್‌ಟನ್ನಿನಲ್ಲಿ ಪಳಗಿದ ಮೇಲೆ ಸ್ವಿಂಡರ್ಬಿ, ವಿನ್‌ಥಾರ್ಪ್ ಮೊದಲಾದ ನೆಲೆಗಳಲ್ಲಿ ಭಾರಿ ವಿಮಾನದ ಪಾಠ. ಎಂಜಿನ್ನಿನವನು ತಂಡವನ್ನು ಸೇರುತ್ತಿದ್ದುದು ಇಲ್ಲಿಯೇ. ಒಂದು ಎಂಜಿನ್ನನ್ನು ನಿಲ್ಲಿಸಿ ಉಳಿದ ಮೂರರಿಂದ ಹಾರುವುದು, ಕತ್ತಲಲ್ಲಿ ಮತ್ತೆ ಮತ್ತೆ ಏರಿ ಇಳಿಯುವುದು, ರಾತ್ರಿಯೆಲ್ಲ ದೇಶದ ಮೇಲೆ ಸುತ್ತಿ ಮರಳುವುದು, ಇವೇ ಅಭ್ಯಾಸಗಳು. ಕಲಿಯುವವರಿಗೆ ಸಿಕ್ಕುತ್ತಿದ್ದುದು ಹೆಚ್ಚಾಗಿ ಯುದ್ಧದಲ್ಲಿ ಸವೆದುಹೋದ ವಿಮಾನಗಳು. ಅವುಗಳಲ್ಲಿ ಎತ್ತರದ ಕಾಲಿನ ಸ್ಟರ್ಲಿಂಗ್ ಏರುವಾಗಲೇ ಪಕ್ಕಕ್ಕೆ ತಿರುಗಿಬಿಡುವ ಜಾತಿಯದು. ಬಾಂಬರ್ ಕಮಾಂಡಿನಲ್ಲಿ ಮಡಿದ 55,573 ವಿಮಾನಸೈನಿಕರಲ್ಲಿ 8,000ಕ್ಕೂ ಹೆಚ್ಚು ಮಂದಿ ಶಿಕ್ಷಣದ ಹಾರಾಟ ಮುಂತಾದವುಗಳ ಅಪಘಾತಗಳಲ್ಲಿ ಸತ್ತರು. ಹಗೆಯ ಮುಖವನ್ನೇ ಕಾಣದವರು ಅವರಲ್ಲಿ ಎಷ್ಟೋ ಮಂದಿ.

ವಾಚಕರಿಗೆ ಇದು ತೀರ ದೂರದ ಕಥೆಯಾಗಿ ತೋರಬೇಕಾಗಿಲ್ಲ. ನಮ್ಮ ಕೋಲಾರದಲ್ಲಿಯೂ ಇಂತಹುದೊಂದು ಶಿಕ್ಷಣದಳವಿದ್ದಿತು. 1944ರ ನವೆಂಬರಿನಲ್ಲಿ ಅದರಿಂದ ಲಿಬರೇಟರ್ ವಿಮಾನಗಳ 358ನೆಯ ಸ್ಕ್ವಾಡ್ರನ್ ಹುಟ್ಟಿತು.

ಕ್ಯಾನ್‌ವಿಕ್ ಗುಡ್ಡದ ಮೇಲೆ ಈಗ ಉಕ್ಕಿನ ಸ್ಮಾರಕಸ್ತಂಭವಿದೆ. ಅದರ ಎತ್ತರ 102 ಅಡಿ, ಲ್ಯಾಂಕಾಸ್ಟರಿನ ರೆಕ್ಕೆಗಳ ಅಗಲದಷ್ಟೇ. ಸುತ್ತಲಿನ ಗೋಡೆಗಳಲ್ಲಿ ಸುಮಾರು 58,000 ಹೆಸರುಗಳು. 1943ರಲ್ಲಿ ಇದೇ ವಿಮಾನಗಳ ಕೆಳಗೆ ಉರಿದ ಹ್ಯಾಂಬರ್ಗಿನ ಮನೆಗಳಲ್ಲಿಯೂ ತಾಯಿಮಕ್ಕಳಿದ್ದರು. ಅದನ್ನು ಮರೆತು ಈ ತರುಣರನ್ನು ಹೊಗಳುವುದು ನಮ್ಮಿಂದಾಗದು. ಹೆಸರುಗಳನ್ನು ಓದುತ್ತ ಹೋದಂತೆ ಅವರನ್ನು ಹಳಿಯುವುದೂ ಆಗಲಿಲ್ಲ. ಕಲಿಯುತ್ತ ಸತ್ತವರು, ಕಾದಾಡಿ ಸತ್ತವರು, ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿದ್ದಾರೆ.